ಪಕ್ಕದೂರಿನ ಗುಳಿಗೆ

ಸುಮಂಗಲಾ ಅವರ ‘ಮೈತ್ರಿ ಮೆಡಿಕಲ್’ ಚಿತ್ತಾಪುರದಲ್ಲಿ ನಮ್ಮ ಮನೆಯಿಂದ ಮೂರು ನಿಮಿಷದ ದಾರಿ. ಮಗಳ ಜ್ವರಕ್ಕೆ ಸಿರಪ್ಪು, ಹಲ್ಲು ಬರುವಾಗ ಹಚ್ಚುವ ಮುಲಾಮು, ಇಂಥದ್ದಕ್ಕೆಲ್ಲ ನಾನು ಅಲ್ಲಿಗೇ ಓಡುವುದು. ಆದರೂ ಅವರ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಶಹಾಬಾದಿನಲ್ಲಿ, ಬೇರೊಬ್ಬರ ಔಷಧದಂಗಡಿಯ ಮುಂದೆ.

ಅದು ಮುಜೀಬ ಅವರ ಅಂಗಡಿ. ತಿಂಗಳಿಗೊಮ್ಮೆ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಗಿರಾಕಿಗಳು ಕರಗುವವರೆಗೆ ಪಕ್ಕಕ್ಕೆ ನಿಂತು, ಆಮೇಲೆ ವೈದ್ಯರ ಚೀಟಿ ಕೊಡುವುದು ನನ್ನ ರೂಢಿ. ಆ ದಿನ ಇನ್ನೊಬ್ಬ ಹೆಂಗಸೂ ಹಾಗೆಯೇ ನಿಂತಿದ್ದರು. ಓಢಣಿ ಮೂಗಿನವರೆಗೆ ಸುತ್ತಿಕೊಂಡಿದ್ದರು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗಳ ಧೂಳಿಗೆ ಶಹಾಬಾದಿನಲ್ಲಿ ಯಾರು ಹಾಗೆ ಸುತ್ತಿಕೊಂಡರೂ ವಿಶೇಷವಲ್ಲ.

“ನೀವು ತಗೊಳ್ಳಿ” ಎಂದೆ ನಾನು.

“ಇಲ್ರೀ, ನೀವು ತಗೋರಿ. ಕೂಸು ಅದ.”

“ಪರವಾಗಿಲ್ಲ, ನನಗೆ ಅವಸರವಿಲ್ಲ.”

“ನನಗೂ ಇಲ್ರೀ.”

ಮುಜೀಬ ಗಲ್ಲಾದ ಮೇಲೆ ಮೊಣಕೈ ಊರಿ ನಮ್ಮಿಬ್ಬರನ್ನೂ ನೋಡಿದರು. “ಆಪಾ, ನೀವು ಹಿಂಗ ಮರ್ಯಾದಿ ಮಾಡ್ಕೊಂತ ನಿಂತ್ರ ನಾ ಊಟಕ್ಕ ಯಾವಾಗ ಹೋಗ್ಲಿ? ಇಬ್ಬರದೂ ಕೊಡ್ರಿ ಚೀಟಿ.”

ಕೊಟ್ಟೆವು. ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ಓದಿ ಅವರು ನಕ್ಕರು. “ಇಬ್ಬರದೂ ಒಂದೇ ಮಾಲು. ಆದ್ರ ಮಾಲು ಖತಂ. ಇನ್ನ ಮ್ಯಾಲ ಬರಂಗಿಲ್ಲಂತ.”

ಆ ಗುಳಿಗೆ ಲಿಥಿಯಂ. ನನ್ನ ಗಂಡ ರಘುವೀರ ಆರು ವರ್ಷದಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಳ್ಳುವ ಗುಳಿಗೆ. ಮನೆಯಲ್ಲಿ ಉಳಿದದ್ದು ಇಪ್ಪತ್ತು ದಿನದ್ದು.

“ಬರಂಗಿಲ್ಲಂದ್ರ? ಸ್ಟಾಕಿಸ್ಟ್ ಕಡೆ ಇಲ್ಲೋ, ಕಂಪನಿ ಡಿಪೋದಾಗೇ ಇಲ್ಲೋ?” ಆ ಹೆಂಗಸು ಒಂದೇ ಉಸಿರಿಗೆ ಕೇಳಿದರು. “ಹಳೇ ಬ್ಯಾಚಿಂದು ಒಂದೆರಡು ಗುಳಿಗಿ ಪಟ್ಟಿ ಉಳದಿರ್ಬೇಕಲ್ಲ?”

ಮುಜೀಬ ಕಣ್ಣು ಕಿರಿದು ಮಾಡಿದರು. “ನೀವೂ ಇದೇ ಧಂದೇದವರೇನು ಆಪಾ?”

ಮಾತು ಆಡಿದ ಮೇಲೆ ಮುಚ್ಚಿಡಲಾಗದು. ಓಢಣಿ ಕೆಳಗಿಳಿಯಿತು. ಚಿತ್ತಾಪುರದಲ್ಲಿ ಔಷಧದಂಗಡಿ ಇರುವ ಸುಮಂಗಲಾ!

“ಹಂಗಾದ್ರ ನಿಮ್ಮಂಗಡ್ಯಾಗೇ ತರಸ್ಲಿಕ್ಕ ಏನಾಗಿತ್ರಿ?” ಎಂದರು ಮುಜೀಬ. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಸುಮಂಗಲಾ ನನ್ನ ಕಡೆ ನೋಡಿದರು, ನಾನು ಮಗಳ ಟೊಪ್ಪಿಗೆ ಸರಿಮಾಡಿದೆ. ಅವರ ಅಂಗಡಿಯ ಕೂಗಳತೆಯಲ್ಲೇ ಮನೆಯಿದ್ದ ನಾನೂ ಶಹಾಬಾದಿಗೆ ಬಂದು ನಿಂತಿದ್ದೆನಲ್ಲ.

ವಾಪಸ್ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತೆವು. ದಂಡೋತಿ ಹತ್ತಿರವಾಯಿತು. ಕಾಗಿಣಾ ಹೊಳೆಯ ಸೇತುವೆ ಬಂದಾಗ ಅವರು ಕಿಟಕಿಯ ಹೊರಗೆ ಬೆರಳು ತೋರಿಸಿದರು. “ಅಲ್ಲಿ ನಮ್ಮ ತೌರುಮನಿ. ಗುಳಿಗಿ ನಮ್ಮಣ್ಣನ ಸಲುವಾಗಿ. ದೇವಿಂದ್ರ ಅಂತ. ನನ್ನಂಗಡಿಗೆ ಮಾಲು ತರೋ ಗಾಡಿಯವ ನಮ್ಮೂರವನೇ ಇದ್ದಾನ. ಡಬ್ಬಿ ಇಳಸೂಮುಂದೇ ‘ಇದು ಯಾರಿಗಕ್ಕಾ’ ಅಂತ ಕೇಳ್ತಾನ. ಅದಕ್ಕ ಹತ್ತು ವರ್ಷಾಯ್ತು, ಈ ಬಸ್ಸು.” ಸ್ವಲ್ಪ ತಡೆದು ಕೇಳಿದರು, “ನಿಮ್ಮದು?”

“ನನ್ನ ಯಜಮಾನರಿಗೆ.”

“ಗಣಿತದ ಸರ್?” ಎಂದವರೇ ಸುಮ್ಮನಾದರು. ಆ ಮೌನಕ್ಕೆ ನಾನು ಇಂದಿಗೂ ಕೃತಜ್ಞಳು.

ರಘುವೀರ ಹೈಸ್ಕೂಲು ಮಾಸ್ತರು. ಆರು ವರ್ಷದ ಹಿಂದೆ, ನಮ್ಮ ಮದುವೆಗೂ ಮುಂಚೆ, ಅವರು ಎರಡು ವಾರ ಸರಿಯಾಗಿ ನಿದ್ದೆಯಿಲ್ಲದೆ, ದಣಿವಿಲ್ಲದೆ, ಊರಿಗೆಲ್ಲ ಗಣಿತ ಹೇಳಿಕೊಡುವ ಹುರುಪಿನಲ್ಲಿ ಓಡಾಡಿದ್ದರಂತೆ. ಒಂದು ಮಧ್ಯಾಹ್ನ ಅರವತ್ತು ಮಕ್ಕಳನ್ನು ಯಾರಿಗೂ ಹೇಳದೆ ಸುಡುಬಿಸಿಲಲ್ಲಿ ಕಾಗಿಣಾ ದಂಡೆಗೆ ನಡೆಸಿಕೊಂಡು ಹೋದರು. ತ್ರಿಕೋನ ಹಾಕಿ ಹೊಳೆಯ ಅಗಲ ಅಳೆಯಲು. ತಂದೆತಾಯಿಗಳು ಟ್ರ್ಯಾಕ್ಟರು ತಂದು ಮಕ್ಕಳನ್ನು ಹುಡುಕಿಕೊಂಡರು. ಆಮೇಲೆ ಮೂರು ತಿಂಗಳು ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಕಲಬುರಗಿಯ ವೈದ್ಯರು ಇದಕ್ಕೆ ಬೈಪೋಲಾರ್ ಎಂದು ಹೆಸರು ಹೇಳಿದರು: ಮನಸ್ಸು ಕೆಲವು ವಾರ ಅತಿಯಾಗಿ ಏರುವುದು, ಆಮೇಲೆ ಅಷ್ಟೇ ಆಳಕ್ಕೆ ಇಳಿಯುವುದು. ಲಿಥಿಯಂ ಶುರುವಾದ ಮೇಲೆ ಎರಡೂ ಮತ್ತೆ ಬಂದಿಲ್ಲ. ಹೆಣ್ಣು ನೋಡಲು ಬಂದ ದಿನವೇ ಇದನ್ನೆಲ್ಲ ಅವರೇ ನನಗೆ ಹೇಳಿದ್ದರು. ನನ್ನ ಅತ್ತೆ ಪದ್ಮಾಬಾಯಿ ಮಾತ್ರ ಇವತ್ತಿಗೂ ಅದನ್ನು ‘ಪಿತ್ತದ ಗುಳಿಗಿ’ ಎನ್ನುತ್ತಾರೆ.

ಸುಮಂಗಲಾ ಅವರ ಕಥೆಯನ್ನು ನಾನು ತುಂಡುತುಂಡಾಗಿ ಕೇಳಿದ್ದು. ದಂಡೋತಿಯ ಬೌದ್ಧ ಕುಟುಂಬ, ತಾಯಿ ಮಾಣಿಕಮ್ಮ ತೊಗರಿ ಹೊಲದ ಕೂಲಿ. ಅಣ್ಣ ಟ್ರ್ಯಾಕ್ಟರು ಓಡಿಸಿ ತಂಗಿಯನ್ನು ಕಲಬುರಗಿಯಲ್ಲಿ ಫಾರ್ಮಸಿ ಓದಿಸಿದ. ಅವಳ ಕೊನೆಯ ವರ್ಷದಲ್ಲಿ ಅವನೇ ಇದೇ ಕಾಯಿಲೆಗೆ ಬಿದ್ದ. ಮನಸ್ಸು ಏರಿದಾಗ ಊರವರ ಹೊಲಗಳನ್ನು ಕೇಳದೆ ಉತ್ತುಬಿಟ್ಟನಂತೆ. ಒಬ್ಬರ ಬೆಳೆದು ನಿಂತ ಹೆಸರುಕಾಳಿನ ಹೊಲವೂ ಸೇರಿ. ಸುಮಂಗಲಾ ಪರೀಕ್ಷೆ ಮುಗಿಸಿ, ಅಣ್ಣನಿಗೆ ಚಿಕಿತ್ಸೆ ಕೊಡಿಸಿ, ಚಿತ್ತಾಪುರದಲ್ಲಿ ಅಂಗಡಿ ತೆರೆದರು. ಮೊದಮೊದಲು ಕೆಲವು ಓಣಿಯವರು ಅಲ್ಲಿಗೆ ಹೋಗುತ್ತಿರಲಿಲ್ಲ. ‘ಆಚಿ ಅಂಗಡ್ಯಾಗ ಮಾಲು ತಾಜಾ ಇರ್ತದ’ ಎಂಬುದು ಕಾರಣ. ನನ್ನ ಅತ್ತೆಯೂ ಅದೇ ಮಾತು ಹೇಳುತ್ತಿದ್ದರು. ಸುಮಂಗಲಾ ಯಾರಿಗೂ ಎದುರಾಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರು, ಅವಧಿ ಮುಗಿದ ಒಂದು ಗುಳಿಗೆಯನ್ನೂ ಮಾರಲಿಲ್ಲ. ಗಿರಾಕಿ ತಾನಾಗಿ ಬಂದ.

ಶಹಾಬಾದಿನಿಂದ ಬಂದ ಮೂರನೇ ದಿನ ನಾನು ಅವರ ಅಂಗಡಿಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ಪಿಸುಗುಟ್ಟಿದೆ: “ರಾತ್ರಿಯ ಗುಳಿಗೆಯನ್ನು ಅರ್ಧ ಮುರಿದು ಕೊಡುತ್ತಿದ್ದೇನೆ. ಎರಡು ದಿನವಾಯಿತು. ಸ್ವಲ್ಪ ಹೆಚ್ಚು ದಿನ ಬರಲಿ ಅಂತ. ಅವರಿಗೆ ಹೇಳಿಲ್ಲ, ಹಾಲಿನ ಜೊತೆ ನಾನೇ ಕೈಗೆ ಕೊಡುತ್ತೇನೆ.”

ಅವರ ಕೈಯಲ್ಲಿದ್ದ ಕತ್ತರಿ ಟೇಬಲ್ಲಿನ ಮೇಲೆ ಬಿತ್ತು.

“ಏನ್ ಮಾಡ್ಲಿಕತ್ತೀರಿ ತಂಗಿ? ಅದು ಹೊಟ್ಟ್ಯಾಗ ನಿಧಾನ ಕರಗೋ ಗುಳಿಗಿ. ಮುರದ್ರ ಒಮ್ಮೆಲೇ ರಕ್ತಕ್ಕ ಸೇರ್ತದ. ಇಷ್ಟು ಓದೀರಿ, ಪುಸ್ತಕದಂಗ ಮಾತಾಡ್ತೀರಿ, ಒಂದು ಮಾತು ಕೇಳ್ಬೇಕಿಲ್ಲ?”

ನನಗೆ ಅಳು ಬಂತು. ಮಗಳು ನನ್ನ ಮುಖ ನೋಡಿ ತಾನೂ ಶುರು ಮಾಡಿದಳು.

“ಅಳಬ್ಯಾಡ್ರಿ. ಕುಂದ್ರಿ. ಇವತ್ತಿಂದ ಪೂರಾ ಕೊಡ್ರಿ. ಡಾಕ್ಟರಿಗೆ ಫೋನ್ ಹಚ್ಚಿ ಮುರದದ್ದು ಹೇಳ್ರಿ. ಸರ್‌ಗೂ ಹೇಳ್ರಿ, ಗುಳಿಗಿ ತಿನ್ನೋರು ಅವರು. ಮಾಲಿನ ಕಾಳಜಿ ನಂದು.” ಅವರು ಮಗಳ ಕೈಗೆ ಖಾಲಿ ಡಬ್ಬಿ ಕೊಟ್ಟರು, ಅವಳು ಸುಮ್ಮನಾದಳು. “ನಾಳೆ ಅಂಗಡಿ ಮುಚ್ಚಿ ಕಲಬುರಗಿಗೆ ಹೊಂಟೀನಿ. ಬರ್ತೀರೇನು?”

ಅಂದು ಸಂಜೆ ಗಂಡನಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಇನ್ನು ಮೇಲೆ ನನ್ನ ಗುಳಿಗೆ ನಾನೇ ತೆಗೆದುಕೊಳ್ತೀನಿ” ಎಂದಷ್ಟೇ ಹೇಳಿ ಪಟ್ಟಿಯನ್ನು ತಮ್ಮ ಮೇಜಿನ ಖಾನೆಗೆ ಇಟ್ಟುಕೊಂಡರು.

ಕಲಬುರಗಿಯಲ್ಲಿ ಮೊದಲು ವೈದ್ಯರನ್ನು ಕಂಡೆವು. ಬೇರೆ ಔಷಧಿಗಳಿವೆ, ಆದರೆ ಬದಲಿಸಲು ವಾರಗಳು ಬೇಕು, ಮೆಲ್ಲನೆ ಮಾಡಬೇಕು. ಹಿಂದೊಮ್ಮೆ ಪ್ರಯತ್ನಿಸಿದ ಇನ್ನೊಂದು ಗುಳಿಗೆ ರಘುವೀರರಿಗೆ ಒಗ್ಗಿರಲೂ ಇಲ್ಲ. ಇದು ಒಗ್ಗಿದೆ, ಸಿಗುವುದಾದರೆ ಇದನ್ನೇ ಬಿಡಬೇಡಿ, ಥಟ್ಟನೆ ನಿಲ್ಲಿಸಲಂತೂ ಬೇಡಿ ಎಂದರು. ವೈದ್ಯರ ಕೆಳಗಿನ ಅಂಗಡಿಯಲ್ಲಿ ಕೇಳಿದರೆ ಅಲ್ಲೂ ಇಲ್ಲ.

ಅಲ್ಲಿಂದ ಸ್ಟಾಕಿಸ್ಟ್ ಅಮೀರ್ ಅಲಿ ಅವರ ಗೋದಾಮಿಗೆ ಹೋದೆವು. ಚಿತ್ತಾಪುರ, ಶಹಾಬಾದ, ವಾಡಿ, ಸೇಡಂ, ಚಿಂಚೋಳಿ, ನಮ್ಮ ಕಡೆಯ ಈ ಐದೂ ಊರುಗಳ ಅಂಗಡಿಗಳಿಗೆ ಈ ಗುಳಿಗೆ ಹೋಗುತ್ತಿದ್ದದ್ದು ಅವರಿಂದಲೇ. ಬಿಳಿ ಗಡ್ಡ, ಕಿವಿಯಲ್ಲಿ ಅತ್ತರಿನ ಹತ್ತಿ. ನಮ್ಮನ್ನು ಕೂಡಿಸಿ ಚಹಾ ತರಿಸಿದರು.

“ನೋಡಮ್ಮ ಬೇಟಾ, ಸಿಟ್ಟಾಗಬ್ಯಾಡ. ಈ ಗುಳಿಗಿ ಭಾಳ ಸಸ್ತಾ. ಸರ್ಕಾರ ಕಟ್ಟಿದ ರೇಟು. ಇದನ್ನ ಚಿಂಚೋಳಿ ತನಕ ಒಯ್ಯೋ ಡೀಜಲ್ ಖರ್ಚೂ ಹುಟ್ಟಂಗಿಲ್ಲ. ಅದೇ ಬ್ಯಾನಿಗೆ ಹೊಸಾ ಗುಳಿಗಿ ಬಂದಾವ. ಅವಕ್ಕ ಕಂಪನಿ ಹುಡುಗರು ಟೈ ಕಟ್ಕೊಂಡು ಬರ್ತಾರ, ಹತ್ತಕ್ಕೊಂದು ಫ್ರೀ ಕೊಡ್ತಾರ. ಇದರ ಸಲುವಾಗಿ ಒಬ್ಬನೂ ಬಂದಿಲ್ಲ, ಇಪ್ಪತ್ತು ವರ್ಷದಾಗ.”

“ಹೊಸಾವು ಬರ್ಲಿ, ಬ್ಯಾಡನ್ನಂಗಿಲ್ರಿ” ಎಂದರು ಸುಮಂಗಲಾ. “ಹಳೇದು ಒಗ್ಗಿದವರು ಏನ್ ಮಾಡ್ಬೇಕು?”

“ಎಲ್ಲಿದ್ದಾರ ಅವರು?” ಅಮೀರ್ ಅಲಿ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. “ಸೇಡಂ ನೋಡು, ಚಿಂಚೋಳಿ ನೋಡು, ವಾಡಿ ನೋಡು. ಒಂದು ತಿಂಗಳು ನಾಕು ಪಟ್ಟಿ, ಇನ್ನೊಂದು ತಿಂಗಳು ಸೊನ್ನಿ, ಆಮ್ಯಾಲ ಅವಧಿ ಮುಗದದ್ದು ವಾಪಸ್. ನಿಮ್ಮ ಚಿತ್ತಾಪುರದಾಗ ಹತ್ತು ವರ್ಷದಿಂದ ಒಂದು ಪಟ್ಟಿ ಹೋಗಿಲ್ಲ. ನಿಮ್ಮ ಕಡೆ ಈ ಬ್ಯಾನಿ ಇಲ್ಲೇ ಇಲ್ಲ ಬೇಟಾ! ಖುಷಿ ಪಡು.”

ಸುಮಂಗಲಾ ಆ ಪರದೆಯನ್ನೇ ನೋಡುತ್ತ ಕುಳಿತರು. ಚಿತ್ತಾಪುರದ ಆ ಖಾಲಿ ಸಾಲಿನಲ್ಲಿ ಅವರ ಅಣ್ಣನಿದ್ದ, ನನ್ನ ಗಂಡನಿದ್ದರು.

“ಇದ್ದಾರ್ರಿ” ಎಂದರು. “ಎಷ್ಟು ತೋರಸ್ಬೇಕು ಹೇಳ್ರಿ.”

ಅಮೀರ್ ಅಲಿ ಗಡ್ಡ ಸವರಿಕೊಂಡರು. ಡಿಪೋದವರು ತಿಂಗಳಿಗೆ ನೂರು ಪಟ್ಟಿಗಿಂತ ಕಡಿಮೆಗೆ ಮಾಲು ಕಳಿಸುವುದಿಲ್ಲ. ಅದನ್ನೂ ಸುಮ್ಮನೆ ನಂಬುವುದಿಲ್ಲ, ಕಾಯಂ ತೆಗೆದುಕೊಳ್ಳುವ ಹನ್ನೆರಡು ಜನರ ಚೀಟಿಯ ನಕಲು ಬೇಕು.

“ಹೆಸರು ಅಳಿಸಿ ಕೊಡಬಹುದೇ?” ಎಂದೆ ನಾನು.

“ಹೆಸರಿಲ್ಲದ ಚೀಟಿ ನಾನೂ ಬರೀತೀನಿ ಬೇಟಿ, ಕುಂತಲ್ಲೇ ನೂರು. ಹಂಗ ಬರೆದು ಮಾಲು ಎತ್ತಿದವರು ಇದ್ದಾರಂತಲೇ ಈ ಕಾನೂನು. ನಕಲು ನನ್ನ ಕಪಾಟಿನ್ಯಾಗ ಇರ್ತಾವ. ಡಿಪೋ ಮ್ಯಾನೇಜರ್ ಬಂದು ನೋಡಿ ಹೋಗ್ತಾನ. ಕೀಲಿ ನನ್ನ ಸೊಂಟದಾಗ.”

ಬೇರೆ ಯಾರಾದರೂ ಅಲ್ಲಿಂದಲೇ ಕೈಚೆಲ್ಲುತ್ತಿದ್ದರು. ನಾನಂತೂ ಚೆಲ್ಲಿಯೇ ಬಿಟ್ಟಿದ್ದೆ. ರೈಲಿನಲ್ಲಿ ಕುಳಿತು ಹೈದರಾಬಾದಿನ ಅಂಗಡಿಗಳ ನಂಬರುಗಳನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಸುಮಂಗಲಾ ಅದನ್ನು ನೋಡಿ, “ನಿಮ್ಮದೊಬ್ಬರದು ಹೈದರಾಬಾದಿಂದ ಬಂದೀತು. ಉಳದವರದು?” ಎಂದರು. ಮೊಬೈಲು ಚೀಲಕ್ಕೆ ಹಾಕಿದೆ.

ಮರುದಿನದಿಂದ ಅವರು ಹೊರಟರು. ಅರ್ಧ ದಿನ ಅಂಗಡಿ, ಅರ್ಧ ದಿನ ಊರು. ಪ್ರತಿ ಊರಿನ ಔಷಧದಂಗಡಿಯವರನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ಗುಳಿಗೆ ಕೇಳಿಕೊಂಡು ಯಾರು ಬರುತ್ತಿದ್ದರು? ಹೆಸರು ಬೇಡ, ಯಾವ ಊರಿನವರು ಅಷ್ಟು ಹೇಳಿ. ಸಂಜೆ ನಮ್ಮ ಮನೆಯ ಹಿಂದಿನ ಕಟ್ಟೆಯ ಮೇಲೆ ಕುಳಿತು ಕಾಗದದ ಮೇಲೆ ಐದು ಸುತ್ತು ಬರೆದು, ನಡುವೆ ಬಾಣ ಎಳೆಯುತ್ತಿದ್ದರು. ವಾಡಿಯ ಜನ ಶಹಾಬಾದಿಗೆ. ಶಹಾಬಾದಿನವರು ವಾಡಿಗೆ. ಸೇಡಮಿನಲ್ಲಿ ಕೊಳ್ಳುವ ಇಬ್ಬರೂ ಚಿಂಚೋಳಿ ಕಡೆಯವರು. ಚಿಂಚೋಳಿಯ ಅಂಗಡಿಗೆ ಬರುವವರು ಸೇಡಮಿನವರು, ಕೋಡ್ಲಾ ಸಿಮೆಂಟ್ ಕಾರ್ಖಾನೆಯವರೂ ಒಬ್ಬರು. ಒಬ್ಬರೂ ತಮ್ಮ ಊರಿನಲ್ಲಿ ಕೊಂಡಿರಲಿಲ್ಲ. ನಮ್ಮಿಬ್ಬರ ಮನೆಯವರೂ ಸೇರಿ, ಹೀಗೆ ಎಲ್ಲೆಡೆ ಚದುರಿಹೋದ ಹದಿನಾಲ್ಕು ಜನರನ್ನು ಯಾವ ಅಂಗಡಿಯೂ ಗಿರಾಕಿ ಎಂದು ಎಣಿಸಿರಲಿಲ್ಲ.

“ರೈಲಿನ್ಯಾಗ ಎದುರುಬದುರು ಕುಂತು ಹೋಗಿರ್ತಾರ ನೋಡ್ರಿ” ಎಂದು ಸುಮಂಗಲಾ ನಕ್ಕರು. “ಇವ ಆ ಊರಿಗೆ, ಅವ ಈ ಊರಿಗೆ. ಕಿಟಕ್ಯಾಗಿಂದ ಗುಳಿಗಿ ಅದಲಾಬದಲಿ ಮಾಡ್ಕೊಂಡಿದ್ರ ಟಿಕೆಟ್ ಆದ್ರೂ ಉಳೀತಿತ್ತು.”

ಒಳಗಿನಿಂದ ಅತ್ತೆ ಕೆಮ್ಮಿದರು. ಅವರು ಹೊರಗೆ ಬರುತ್ತಿರಲಿಲ್ಲ, ಆದರೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದರು.

ಜನರನ್ನು ಹುಡುಕಿದ್ದು ಸುಲಭ, ಚೀಟಿ ಕೇಳಿದ್ದು ಕಷ್ಟ. ಅಂಗಡಿಯವರು ಫೋನ್ ಮಾಡಿ ಒಪ್ಪಿದವರನ್ನಷ್ಟೇ ಸುಮಂಗಲಾ ಭೇಟಿ ಮಾಡಿದರು. ಒಬ್ಬರು ಒಪ್ಪಿಯೂ ಬಾಗಿಲು ಹಾಕಿಕೊಂಡರು. ವಾಡಿಯ ರೈಲ್ವೆ ನೌಕರರೊಬ್ಬರು, “ನೌಕರಿ ಹೋದ್ರ ನೀವು ಕೊಡ್ತೀರೇನು?” ಎಂದು ಫೋನಿಟ್ಟರು. ಅದು ಸುಳ್ಳು ಭಯವಲ್ಲ, ಹಾಗಾಗಿ ಅವರನ್ನು ಮತ್ತೆ ಕೇಳಲಿಲ್ಲ.

ಮೊದಲ ಚೀಟಿ ಸಿಕ್ಕಿದ್ದು ಚಿಂಚೋಳಿ ತಾಲೂಕಿನ ಐನಾಪುರದಲ್ಲಿ. ಆ ಭಾನುವಾರ ನಾನೂ ಹೋಗಿದ್ದೆ. ಪೀರಮ್ಮ ಎಂಬ ಮುದುಕಿ ಸೊಸೆಯ ಗುಳಿಗೆಗಾಗಿ ಸೇಡಮಿಗೆ ಓಡಾಡುತ್ತಿದ್ದರು. ಅಂಗಳದಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯುತ್ತ ಪೂರ್ತಿ ಮಾತು ಕೇಳಿದರು.

“ಹೆಸರು ಕೊಟ್ರ ಗುಳಿಗಿ ಬರ್ತದ, ಅಷ್ಟೇ ಹೌದಲ್ಲೋ?”

“ಹೌದ್ರಿ ಅವ್ವ. ಆದ್ರ ನಿಮ್ಮ ಸೊಸೀನೇ ಹೂಂ ಅನ್ಬೇಕು. ಹೆಸರು ಆಕಿದು.”

ಸೊಸೆ ಒಲೆಯ ಮುಂದಿನಿಂದಲೇ ತಲೆ ಆಡಿಸಿದಳು. “ಬರಕೋರಿ ಅಕ್ಕಾ. ಹೋದ ಸಲ ಇಪ್ಪತ್ತು ದಿನ ಸಿಗಲಿಲ್ಲ. ನನ್ನ ಮಗನ್ನ ನಾ ಗುರುತು ಹಿಡೀಲಿಲ್ಲ. ಅದಕ್ಕಿಂತ ಹೆಸರು ಹೊರಗ ಬಿದ್ರ ಬೀಳ್ಲಿ.”

ನನ್ನ ಮಡಿಲಲ್ಲಿ ಮಗಳು ನಿದ್ದೆ ಹೋಗಿದ್ದಳು. ವಾಪಸ್ ಬರುವ ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತ ಬಂದೆ.

ಹತ್ತು ದಿನದಲ್ಲಿ ಹತ್ತು ಚೀಟಿಯಾದವು. ಇಬ್ಬರು ಕೊಡುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದರು. ಬೇಕಾದದ್ದು ಹನ್ನೆರಡು. ಕಟ್ಟೆಯ ಮೇಲೆ ಕುಳಿತು ಆ ಲೆಕ್ಕ ಮುಗಿಸಿದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಉಳಿದ ಎರಡು ಯಾರವೆಂದು ಇಬ್ಬರಿಗೂ ಗೊತ್ತಿತ್ತು. ಊರೂರು ತಿರುಗಿ ಜನರ ಧೈರ್ಯ ಕೇಳಿದ ನಾವು, ನಮ್ಮ ಮನೆಯ ಚೀಟಿಗಳನ್ನು ಹೊರಗೆ ತೆಗೆದಿರಲಿಲ್ಲ.

ಕಡೆಗೆ ಸುಮಂಗಲಾ ಎದ್ದರು. “ನಾಳೆ ದಂಡೋತಿಗೆ ಹೊಂಟೀನಿ. ಅಣ್ಣಗ ಇದು ಹೆಂಗ ಕೇಳ್ಲಿ ಅನ್ನೋದೇ ತಿಳೀವಲ್ದು. ನೀವು ಬರ್ರಿ, ನಿಮ್ಮ ಮುಂದ ಬೈಯಂಗಿಲ್ಲ.”

ದೇವಿಂದ್ರ ಬೇವಿನ ಮರದಡಿ ಟ್ರ್ಯಾಕ್ಟರಿನ ಫಿಲ್ಟರು ಬಿಚ್ಚಿಕೊಂಡು ಕುಳಿತಿದ್ದರು. ತಂಗಿ ಹೇಳಿದ್ದನ್ನೆಲ್ಲ, ಮುಜೀಬರಿಂದ ಅಮೀರ್ ಅಲಿಯವರೆಗೆ, ಸುಮ್ಮನೆ ಕೇಳಿದರು. ಆಮೇಲೆ ಎಣ್ಣೆ ಕೈ ಒರೆಸಿಕೊಂಡರು.

“ಇಷ್ಟು ದಿನ ನನ್ನ ಚೀಟಿ ಯಾಕ ಇಡಲಿಲ್ಲ ಅದರಾಗ?”

“ಊರಾಗ ಗೊತ್ತಾಗ್ತದಂತ ಅಣ್ಣ.”

“ಊರಿಗಾ?” ದೇವಿಂದ್ರ ಜೋರಾಗಿ ನಕ್ಕರು. “ನಾ ಮಂದೀದು ಏಳು ಹೊಲ ಉತ್ತೀನಿ. ಊರಿಗೆ ಗೊತ್ತಿಲ್ಲಂದಿ? ನಿನ್ನ ಗಾಡಿಯವ ಇದ್ದಾನಲ್ಲ, ದಿನಾ ಬೆಳಿಗ್ಗಿ ನನಗ ಕೇಳ್ತಾನ, ‘ಮಾವ, ಗುಳಿಗಿ ತಗೊಂಡಿಯೋ ಇಲ್ಲೋ’ ಅಂತ. ಊರಿಗೆಲ್ಲಾ ಗೊತ್ತದ ತಂಗಿ. ಊರಿಗೆ ಗೊತ್ತದ ಅನ್ನೋದು ನಿನಗೊಬ್ಬಕಿಗೇ ಗೊತ್ತಿಲ್ಲ.”

ಒಳಗಿನಿಂದ ಮಾಣಿಕಮ್ಮ ಕೂಗಿದರು: “ಹತ್ತು ವರ್ಷ ಆ ಬಸ್ಸಿನ ಧೂಳು ತಿಂದಾಳ. ಹೇಳಿದ್ರ ಕೇಳ್ತಾಳೇನು! ಶಾಣ್ಯಾಕಿ!”

ಸುಮಂಗಲಾ ಸೆರಗಿನಿಂದ ಮುಖ ಒರೆಸಿಕೊಂಡು, ಚೀಲದಿಂದ ಅಣ್ಣನ ಚೀಟಿಯ ನಕಲು ತೆಗೆದು, ಹತ್ತರ ಮೇಲೆ ಹನ್ನೊಂದನೆಯದಾಗಿ ಇಟ್ಟರು. ನಕಲು ಮೊದಲೇ ಚೀಲದಲ್ಲಿತ್ತು. ನನ್ನ ಕಡೆ ನೋಡಲಿಲ್ಲ; ಕೇಳಲೂ ಇಲ್ಲ. ಕೇಳಿದ್ದರೆ ಏನಾದರೂ ನೆಪ ಹೇಳುತ್ತಿದ್ದೆನೇನೋ.

ಆ ಸಂಜೆ ಊಟಕ್ಕೆ ಮುಂಚೆ ಗಂಡ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಹೇಳಿದೆ. ಹನ್ನೊಂದಾಗಿವೆ, ಒಂದು ಬೇಕು. ಹೇಳುತ್ತ ಹೇಳುತ್ತ ನಾನೇ ಹತ್ತು ಭಯಗಳನ್ನೂ ಹೇಳಿಬಿಟ್ಟೆ. ನಕಲು ಯಾರ ಕೈಗೋ ಸಿಕ್ಕರೆ, ಶಾಲೆಯವರು ಮಕ್ಕಳನ್ನು ನಿಮ್ಮ ಕ್ಲಾಸಿಗೆ ಕೂರಿಸದಿದ್ದರೆ, ನಾಳೆ ಮಗಳು ದೊಡ್ಡವಳಾದಾಗ ಯಾರಾದರೂ ಅಂದರೆ.

ಅತ್ತೆ ದೇವರ ಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಚೀಟಿ ಇರುವುದು ಅವರ ಬಳಿ, ಪಂಚಾಂಗದ ನಡುವೆ. “ಕೊಡೋದು ಬ್ಯಾಡ ರಘು. ನಿಮ್ಮಪ್ಪ ಇಪ್ಪತ್ತು ವರ್ಷ ಗುಡಿ ಪೂಜಾ ಮಾಡ್ಯಾರ. ನಮ್ಮ ಮನಿತನದ ಹೆಸರು ಔಷಧದ ಅಂಗಡ್ಯಾಗ ಕಪಾಟಿನ್ಯಾಗ ಬೀಳೋದಾ?”

“ಔಷಧ ಬೀಳೋ ಕಪಾಟು ಅಮ್ಮ ಅದು. ಛಲೋ ಜಾಗಾನೇ” ಎಂದರು ರಘುವೀರ.

“ಚ್ಯಾಷ್ಟಿ ಮಾಡಬ್ಯಾಡ.”

ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. “ಚ್ಯಾಷ್ಟಿ ಅಲ್ಲ. ಆರು ವರ್ಷದ ಹಿಂದ ಅರವತ್ತು ಮಕ್ಕಳು ನನ್ನ ಹಿಂದ ಹೊಳಿ ತನಕ ನಡದಾರ. ಅವರ ಅಪ್ಪಂದಿರು ಟ್ರ್ಯಾಕ್ಟರ್ ತಂದು ಕರಕೊಂಡು ಹೋಗ್ಯಾರ. ಈಗ ಅದೇ ಮನಿಯವರು ತಮ್ಮ ಸಣ್ಣ ಮಕ್ಕಳನ್ನ ನನ್ನ ಕ್ಲಾಸಿಗೇ ಹಾಕ್ಯಾರ. ಅವರಿಗೆ ಏನು ಗೊತ್ತಿಲ್ಲ ಅಂತೀ? ನಾ ನೆಟ್ಟಗ ಪಾಠ ಮಾಡ್ತೀನೋ ಇಲ್ಲೋ ಅಷ್ಟೇ ನೋಡ್ತಾರ. ಅದಕ್ಕ ಗುಳಿಗಿ ಬೇಕು. ಐನಾಪುರದ ಆ ಸೊಸಿ ಹೆಸರು ಕೊಟ್ಟಾಳ, ಮಾಸ್ತರ್ ಕೊಡಂಗಿಲ್ಲಂದ್ರ ನಾಳೆ ನಾ ಬೋರ್ಡಿನ ಮುಂದ ಹೆಂಗ ನಿಲ್ಲಲಿ?”

ಅತ್ತೆ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಮಗಳಿಗೆ ಉಣಿಸುವಾಗ ಅವರ ಕೈ ನನ್ನ ಭುಜದ ಮೇಲಿಂದ ಬಂತು, ಬೆರಳ ನಡುವೆ ಚೀಟಿ. “ನಕಲು ತಗ್ಸಿ ಇದನ್ನ ತಿರುಗಿ ತಾ. ಮಡಿಚಬ್ಯಾಡ, ಮದಲೇ ಹರದದ.” ಸಿಟ್ಟು ಇನ್ನೂ ಧ್ವನಿಯಲ್ಲಿತ್ತು. ನಾನು ತಲೆ ಆಡಿಸಿದೆ.

ಮರುದಿನ ಹನ್ನೆರಡೂ ಚೀಟಿಗಳನ್ನು ಸುಮಂಗಲಾ ಸ್ವತಃ ಕಲಬುರಗಿಗೆ ಒಯ್ದರು. ಅಮೀರ್ ಅಲಿ ಒಂದೊಂದನ್ನೂ ಓದಿ, ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಇನ್ನೊಂದು ಕೊಕ್ಕೆ ತೆಗೆದರಂತೆ: ಹನ್ನೆರಡು ಜನರಿಗೆ ನೂರು ಪಟ್ಟಿ ಹೋಗುವುದಿಲ್ಲ, ಉಳಿದದ್ದು ಅವಧಿ ಮುಗಿದು ತನ್ನ ತಲೆಗೇ ಬರುತ್ತದೆ. ಔಷಧದ ವ್ಯಾಪಾರದಲ್ಲಿ ಹಳತಾದ ಮಾಲು ಸ್ಟಾಕಿಸ್ಟಿಗೆ ವಾಪಸ್ ಹೋಗುವುದು ವಾಡಿಕೆ. ಅಂಗಡಿ ಇಟ್ಟವರು ಬೇರೆ ಯಾವುದನ್ನು ಬಿಟ್ಟರೂ ಆ ಹಕ್ಕನ್ನು ಬಿಡುವುದಿಲ್ಲ.

ಸುಮಂಗಲಾ ಅಲ್ಲಿಯೇ ಒಂದು ಹಾಳೆ ಕೇಳಿ ಬರೆದುಕೊಟ್ಟರು. ‘ಈ ಗುಳಿಗೆಯನ್ನು ಮೈತ್ರಿ ಮೆಡಿಕಲ್ ಯಾವ ಕಾರಣಕ್ಕೂ ವಾಪಸ್ ಮಾಡುವುದಿಲ್ಲ.’ ಕೆಳಗೆ ಸಹಿ, ಅಂಗಡಿಯ ಮೊಹರು.

“ಯಾಕ ಬೇಟಾ, ನುಕ್ಸಾನ್ ಮಾಡ್ಕೋತೀ?” ಎಂದರಂತೆ ಅಮೀರ್ ಅಲಿ.

“ಹಳತಾಗಲಿಕ್ಕ ಬಿಟ್ರಲ್ಲ ನುಕ್ಸಾನು. ಐದು ಊರಿಗೆ ನಾನೇ ಹಂಚ್ತೀನಿ. ಇನ್ನೂ ಮಂದಿ ಅದಾರ, ಅವರೂ ಬರ್ತಾರ. ನೀವು ಮಾಲು ತರಸ್ರಿ.”

ಮಾಲು ಬಂದದ್ದು ನಾಲ್ಕನೇ ದಿನ, ಮಧ್ಯಾಹ್ನ ಒಂದರ ಸುಮಾರಿಗೆ. ನಮ್ಮ ಮೇಜಿನ ಖಾನೆಯಲ್ಲಿ ಇನ್ನೊಂದು ದಿನದ್ದು ಉಳಿದಿತ್ತು. ಗಾಡಿಯವನು ಡಬ್ಬಿ ಇಳಿಸುತ್ತ, “ಇದು ದೇವಿಂದ್ರ ಮಾವಂದು ಅಲ್ಲೇನಕ್ಕಾ?” ಎಂದ. “ಅವಂದೂ ಅದ, ಮಂದೀದೂ ಅದ. ಮೆಲ್ಲಕ ಇಡು” ಎಂದರು ಸುಮಂಗಲಾ, ತಲೆಯೆತ್ತದೆ.

ನಾನು ಅಂಗಡಿಯ ಬೆಂಚಿನ ಮೇಲೆ ಮಗಳನ್ನು ಕೂರಿಸಿಕೊಂಡು ಕುಳಿತಿದ್ದೆ. ಪಟ್ಟಿ ತೆಗೆದುಕೊಂಡು ಮನೆಗೆ ಹೋಗಿಬಿಡಬೇಕು ಎಂಬುದು ನನ್ನ ಯೋಚನೆ. ಅಷ್ಟರಲ್ಲಿ ಶಾಲೆಯ ಊಟದ ಬಿಡುವಿಗೆ ರಘುವೀರರೇ ರಸ್ತೆ ದಾಟಿ ಬಂದರು. ಅಂಗಡಿಯ ಮುಂದೆ ಮೂರು ನಾಲ್ಕು ಜನ ಗಿರಾಕಿಗಳು. ಅವರಲ್ಲೊಬ್ಬರು ಒಂಬತ್ತನೇ ಕ್ಲಾಸಿನ ಹುಡುಗಿಯ ತಂದೆ, ನನಗೆ ಗುರುತಿತ್ತು.

“ನಮಸ್ಕಾರ್ರಿ ಸರ್” ಎಂದರು ಆ ತಂದೆ.

“ನಮಸ್ಕಾರ. ಮಗಳ ಪ್ರಮೇಯ ಬಾಯಿಪಾಠ ಆಗ್ಯಾವ, ತಿಳಿದಿಲ್ಲ ಇನ್ನೂ. ಶನಿವಾರ ಕಳಸ್ರಿ” ಎಂದು ಇವರು ಚೀಟಿಯನ್ನು ಗಲ್ಲಾದ ಮೇಲೆ ಇಟ್ಟರು.

ಸುಮಂಗಲಾ ಪಟ್ಟಿಗಳನ್ನು ತೆಗೆದು ಎಣಿಸಿದರು. ಕಾಣದಂತೆ ಸುತ್ತಿಕೊಡಲು, ರೂಢಿಯಂತೆ ಅವರ ಕೈ ಹಳೆಯ ಪೇಪರಿನ ಕಡೆ ಹೋಯಿತು. ಅಲ್ಲಿಯೇ ನಿಂತಿತು.

“ಸರ್, ರಕ್ತ ತಪಾಸ ಮಾಡ್ಸಿ ಮೂರು ತಿಂಗಳಾಯ್ತೇನು?” ಎಲ್ಲರಿಗೂ ಕೇಳುವಂತೆ, ಆದರೆ ಉಪ್ಪು ಕೇಳುವಷ್ಟು ಸಹಜವಾಗಿ ಕೇಳಿದರು.

“ಈ ಸೋಮವಾರ ಮಾಡಸ್ತೀನ್ರಿ.”

“ನೀರು ಚಂದಾಗಿ ಕುಡೀರಿ. ಬಿಸಿಲದಾಗ ಭಾಳ ತಿರುಗಬ್ಯಾಡ್ರಿ.”

“ಹೊಳಿ ಕಡೆ ಹೋಗಂಗಿಲ್ಲ ಬಿಡ್ರಿ” ಎಂದರು ಇವರು. ಗಿರಾಕಿಗಳಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಇವರೂ ನಕ್ಕರು. ಪಟ್ಟಿಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡರು; ಅರ್ಧ ಹೊರಗೇ ಕಾಣುತ್ತಿದ್ದವು. ಮಗಳ ಕೆನ್ನೆ ಮುಟ್ಟಿ, ಗಂಟೆ ಬಾರಿಸುವ ಮುಂಚೆ ಶಾಲೆ ಸೇರಬೇಕೆಂದು ಬೇಗಬೇಗ ಹೊರಟರು. ಆ ತಂದೆ ತಮ್ಮ ಕೆಮ್ಮಿನ ಔಷಧಿ ಕೇಳಿದರು. ಯಾರೂ ತಿರುಗಿ ನೋಡಲಿಲ್ಲ. ನಾನೊಬ್ಬಳೇ ನೋಡುತ್ತಿದ್ದೆ.

ಸುಮಂಗಲಾಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. ಉಳಿದ ಡಬ್ಬಿಗಳನ್ನು ಊರುವಾರು ಚೀಲಗಳಿಗೆ ಹಂಚಿ, ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಆಗಲೇ ಸೇಡಮಿನ ಅಂಗಡಿಯವರ ಜೊತೆ ಮಾತಿಗಿಳಿದಿದ್ದರು.

“ಮಾಲು ಬಂದದ. ಸಂಜಿ ಗಾಡಿಗೆ ನಾನೇ ತರ್ತೀನಿ. ಐನಾಪುರದವರದು ತೆಗೆದಿಡ್ರಿ, ಯಾರು ಕೇಳಿದ್ರೂ ಅದನ್ನ ಕೊಡಬ್ಯಾಡ್ರಿ. ಮತ್ತ ಕೇಳ್ರಿ, ಹೊಸಬರು ಯಾರರೆ ಬಂದು ಪಕ್ಕಕ್ಕ ನಿಂತ್ರ, ಗದ್ದಲ ಹೋಗ್ಲಿ ಅಂತ ಕಾಯ್ಲಿಕತ್ರ, ನೀವೇ ಕರೀರಿ. ಮುಂದಿನ ತಿಂಗಳು ನನಗ ಮತ್ತ ನೂರು ಪಟ್ಟಿ ಎತ್ಬೇಕದ.”